ತಮ್ಮ ಕುಡಿದಿರಲಿಲ್ಲ

ಮಾರ್ಚ್ ೧೨, ಬುಧವಾರ

ನನ್ನ ಲಿವರಿಗೆ ಕೊಬ್ಬು ಕಟ್ಟಿದೆಯಂತೆ. ಡಾಕ್ಟರಮ್ಮ ಹೇಳಿದಾಗ ರೇಗಿಹೋಯಿತು. "ಏನಮ್ಮಾ, ಸೂಜಿ ಚುಚ್ಚೋಕೂ ನನ್ನ ಮೈಯಲ್ಲಿ ಮಾಂಸ ಇಲ್ಲ. ಹೆಂಡ ಮುಟ್ಟಿದವನೂ ಅಲ್ಲ!"

"ಕುಡಿಯದಿದ್ರೂ, ಸಣ್ಣಗಿದ್ರೂ ಬರಬಹುದು ತಾತ. ಕೆಲವರಿಗೆ ವಂಶವಾಹಿಯಲ್ಲೇ ಚಿಕ್ಕ ವ್ಯತ್ಯಾಸ ಇರುತ್ತೆ. ನಿಮ್ಮ ಮನೇಲಿ ಯಾರಿಗಾದ್ರೂ ಲಿವರ್ ತೊಂದರೆ ಇತ್ತಾ?"

ಅಳತೆಯ ಕಾಗದದಲ್ಲೇ ಒಂದು ನೂಲು ತಪ್ಪಿದ್ದರೆ ಅಂಗಿ ಏನಾಗುತ್ತದೆಂದು ನನ್ನಂಥ ದರ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ. ಚೀಟಿ ಮಡಚಿ ಜೇಬಿಗಿಟ್ಟು ಎದ್ದು ಬಂದೆ.

ನನ್ನ ತಮ್ಮ ಲಿವರ್ ಕೆಟ್ಟೇ ಸತ್ತ. ಕದ್ದು ಕುಡಿಯುತ್ತಾನೆಂದು ನಾನೇ ತೀರ್ಮಾನಿಸಿದ್ದೆ. ದಿನಾ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ಬಾಯಿ ಮೂಸುತ್ತಿದ್ದೆ. "ಮೂಸಣ್ಣಾ ಮೂಸು, ನಾಯಿಗೂ ಇಂಥ ಮೂಗಿಲ್ಲ" ಎಂದು ನಗುತ್ತಿದ್ದ. ವಾಸನೆ ಬರದಿದ್ದರೆ, ಏಲಕ್ಕಿ ಅಗಿದು ಬಂದಿದ್ದಾನೆ ಕಳ್ಳ, ಎಂದುಕೊಳ್ಳುತ್ತಿದ್ದೆ.

ಈಗಷ್ಟೇ ದೀಪ ಆರಿಸಿ ಮಲಗಿದ್ದೆ. ಕೋಣೆ ಮೆಲ್ಲಗೆ ತೇಲಿದಂತಾಯಿತು. ತಮ್ಮ ಬಂದು ಮಂಚದ ಅಂಚಿಗೆ ಕೂತು ಬಾಯಿ ತೆರೆದ. ಎಳೆಗೂಸಾಗಿ ನನ್ನ ಸೊಂಟದ ಮೇಲಿದ್ದಾಗಿನ ಅದೇ ಹಾಲಿನ ವಾಸನೆ. ಎದ್ದು ದೀಪ ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಾಳೆ ಅವನ ಮಗಳಿಗೆ ಫೋನ್ ಮಾಡಬೇಕು. ನೀನೂ ಪರೀಕ್ಷೆ ಮಾಡಿಸಿಕೋ ಎನ್ನುವುದು ಕಷ್ಟವಲ್ಲ. ನಿಮ್ಮಪ್ಪ ಕುಡುಕ ಎಂದು ಆ ಮಗುವಿಗೆ ಹೇಳಿಕೊಟ್ಟವನು ನಾನೇ. ಅದು ಸುಳ್ಳೆಂದು ಯಾವ ಬಾಯಲ್ಲಿ ಹೇಳಲಿ?