ಮಾತಾಡ್ತಾನೇ ಇರಿ

ಜೂನ್ 9, ಸೋಮವಾರ

ಇಂದೂ ಕೈ ನಡುಗಿತು. ಬೆಸುಗೆ ಹಾಕುವಾಗ ಸೋಲ್ಡರಿಂಗ್ ಐರನ್‌ನ ಬಿಸಿ ತುದಿ ಪಕ್ಕದ ಪಿನ್ನಿಗೆ ತಗುಲಿ ಸರ್ಕ್ಯೂಟ್ ಬೋರ್ಡು ಸ್ಕ್ರ್ಯಾಪ್ ಆಯಿತು. ಸೂಪರ್‌ವೈಸರ್ ಪ್ರಸನ್ನ ಬಗ್ಗಿ ನೋಡಿದ. “ಮೇಡಂ, ಕಾಫಿ ಜಾಸ್ತಿ ಆಯ್ತಾ?” ನಕ್ಕೆ. ಕಾಫಿ ಬಿಟ್ಟು ತಿಂಗಳಾಯಿತು. ಸುಮ್ಮನೆ ಕುಳಿತರೂ ಎದೆ ಡಬಡಬ. ಬಳೆ ಸಡಿಲ.

ಜೂನ್ 19, ಗುರುವಾರ

ಡಾ. ಕೃಪಾ ರಿಪೋರ್ಟ್ ನೋಡಿ ಹೇಳಿದರು. ಥೈರಾಯ್ಡ್‌ನ ಬಲಭಾಗದಲ್ಲಿ ಒಂದು ಗಂಟು. ಅದೊಂದೇ ಮಿತಿಮೀರಿ ಹಾರ್ಮೋನ್ ಸುರಿಸುತ್ತಿದೆ, ಉಳಿದ ಗ್ರಂಥಿ ಮಂಕಾಗಿದೆ. ಕ್ಯಾನ್ಸರ್ ಅಲ್ಲ. ಕೊಯ್ದು ತೆಗೆಯಬಹುದು. ರೇಡಿಯೋ ಅಯೋಡಿನ್ ಕೊಡಬಹುದು. ಇಲ್ಲವೇ ಸೂಜಿ ಚುಚ್ಚಿ, ತುದಿಯ ಬಿಸಿಯಿಂದ ಗಂಟನ್ನಷ್ಟೇ ಸುಡಬಹುದು — ಹೆಚ್ಚು ಕಡಿಮೆ ನನ್ನ ಕೆಲಸವೇ.

“ಅಯೋಡಿನ್ ತಗೊಂಡ್ರೆ ಕೆಲವು ದಿನ ಯಾರ ಹತ್ರಾನೂ ಹೋಗ್ಬಾರ್ದು. ಮನೇಲಿ ಯಾರ್ಯಾರಿದ್ದೀರಿ?”

“ನಾನೊಬ್ಬಳೇ.”

“ಹಾಗಾದ್ರೆ ನಿಮಗೆ ಸುಲಭ.”

ನಿಜ. ಸುಲಭವೇ… ಚಂದಾಪುರದಲ್ಲಿ ಬಸ್ಸಿಳಿಯುವವರೆಗೂ ಅದೊಂದೇ ಮಾತು ತಲೆಯಲ್ಲಿ.

ಸೂಜಿಯೇ ಇರಲಿ ಎಂದು ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ಒಂದೇ ಸಲಕ್ಕೆ ಮುಗಿಯದಿರಬಹುದಂತೆ. ಗಂಟಿನ ಹತ್ತಿರವೇ ದನಿಯ ನರ ಇದೆ; ಅಪರೂಪಕ್ಕೆ ಪೆಟ್ಟಾಗಬಹುದು. ಮೊದಲು ಎರಡು ತಿಂಗಳು ಮಾತ್ರೆ.

ಆಗಸ್ಟ್ 17, ಭಾನುವಾರ

ಮಾತ್ರೆಯಿಂದ ಕೈ ನಡುಕ ನಿಂತಿದೆ. ಬುಧವಾರ ಸೂಜಿ. ಜೊತೆಗೊಬ್ಬರು ಬರಲೇಬೇಕು. ಗದಗಿಗೆ ಫೋನ್ ಮಾಡಿದೆ. ಅಣ್ಣ ಬಸಲಿಂಗ, “ದೊಡ್ಡ ಆಪರೇಷನ್ ಏನೂ ಅಲ್ಲಲ್ಲ? ಮುಗದ ಮ್ಯಾಲೆ ಫೋನ್ ಹಚ್ಚು” ಎಂದ.

ಸಂಜೆ ಕೆಳಗೆ ಹೋಗಿ ಓನರ್ ಭದ್ರಮ್ಮನವರನ್ನು ಕೇಳಿದೆ. ಆರು ವರ್ಷದಲ್ಲಿ ಬಾಡಿಗೆ, ನೀರಿನ ಮೋಟರು ಬಿಟ್ಟು ಬೇರೆ ಮಾತಾಡಿದ್ದಿಲ್ಲ.

“ನಿಮ್ಮೋರು ಯಾರೂ ಇಲ್ವಾ ತಾಯಿ?”

“ದೂರ ಇದ್ದಾರೆ.”

“ಅಂಗಾರೆ ನಾನೇ ಬತ್ತೀನಿ ಬಿಡು. ಅದಕ್ಯಾಕೆ ಇಂಗೆ ಮುಖ ಮಾಡ್ಕೊಂಡ್ ನಿಂತಿದ್ದೀಯ?”

ಆಗಸ್ಟ್ 21, ಗುರುವಾರ

ನಿನ್ನೆಯದನ್ನು ಬರೆದಿಡಬೇಕು. ಕುತ್ತಿಗೆಗೆ ಮರಗಟ್ಟುವ ಇಂಜೆಕ್ಷನ್. ಎಚ್ಚರವಾಗಿಯೇ ಇದ್ದೆ. ಡಾಕ್ಟರ್, “ಮಾತಾಡ್ತಾನೇ ಇರಿ. ದನಿ ಬದಲಾದ್ರೆ ನಮಗೆ ತಕ್ಷಣ ಗೊತ್ತಾಗ್ಬೇಕು” ಎಂದರು.

ಏನು ಮಾತಾಡಲಿ? ಫ್ಯಾಕ್ಟರಿ ಲೈನ್‌ನಲ್ಲಿ ಮಾತಾಡುವಂತಿಲ್ಲ, ನನ್ನ ರೂಮಿನಲ್ಲಿ ಯಾರೂ ಇಲ್ಲ. ಬೋರ್ಡಿನ ದೋಷಗಳನ್ನು ಹೇಳತೊಡಗಿದೆ — ಡ್ರೈ ಸೋಲ್ಡರ್, ಶಾರ್ಟ್, ಪಿನ್‌ಹೋಲ್… ನರ್ಸ್ ನಕ್ಕರು. “ಮನೆ ವಿಷಯ ಹೇಳಿ ಮೇಡಂ.” ಆಗ ಬಾಯಿಗೆ ಬಂದದ್ದು ಭಾನುವಾರ ಮೆಟ್ಟಿಲ ಮೇಲೆ ಬರುವ ಬಸ್ಸಾರಿನ ವಾಸನೆ. ಭದ್ರಮ್ಮನವರ ಮನೆಯದು. ಒಗ್ಗರಣೆಗೆ ಬೆಳ್ಳುಳ್ಳಿ ಎಷ್ಟು ಹಾಕುತ್ತಾರೆ ಎಂದು ವಾಸನೆಯಲ್ಲೇ ಹೇಳಬಲ್ಲೆ. ಹೇಳುತ್ತಲೇ ಹೋದೆ. ಕೊನೆಗೆ ದನಿ ಕೆರೆದ ಹಾಗಾಯಿತು. ಡಾಕ್ಟರ್ ಕೈ ನಿಲ್ಲಿಸಿದರು. “ಸಾಕು, ಬಹುಪಾಲು ಆಗಿದೆ.”

ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ನರ್ಸ್ ಕೂಗಿದರು: “ಪೇಷಂಟ್ ನೀಲಾಂಬಿಕಾ ಅಟೆಂಡರ್ ಯಾರು?” ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಭದ್ರಮ್ಮನವರು ಎದುರಿಗೇ ಚೀಲ ಹಿಡಿದು ಕುಳಿತಿದ್ದರು, ಕಣ್ಣು ಬೇರೆ ಬಾಗಿಲ ಮೇಲೆ. ನಾನೇ ಕರೆಯೋಣವೆಂದರೆ ಬರೀ ಗಾಳಿ ಹೊರಟಿತು. ಕೈ ಎತ್ತಿದೆ.

“ಅಯ್ಯೋ, ನಮ್ಮ ಮೇಲ್ಮನೆಯಮ್ಮ!” ಎಂದು ಓಡಿಬಂದರು. “ನಿನ್ನೆಸ್ರು ಅದಾ?”

ದಾರಿಯುದ್ದಕ್ಕೂ ಫೈಲಿನ ಮೇಲಿನ ನನ್ನ ಹೆಸರನ್ನೇ ನೋಡುತ್ತಿದ್ದರು.

ಆಗಸ್ಟ್ 24, ಭಾನುವಾರ, ಮಧ್ಯಾಹ್ನ

ದನಿ ಕೆಲವು ದಿನದಲ್ಲಿ ಮರಳಬಹುದು ಎಂದಿದ್ದಾರೆ. ಮರಳಿದೆಯೋ ಇಲ್ಲವೋ ಗೊತ್ತಿಲ್ಲ. ಬುಧವಾರದಿಂದ ಯಾರೊಂದಿಗೂ ಮಾತಾಡುವ ಸಂದರ್ಭ ಬಂದಿಲ್ಲ. ಅಣ್ಣನಿಗೆ ಮೆಸೇಜ್ ಹಾಕಿದೆ. ಅವನಿಂದ ಹೆಬ್ಬೆರಳೆತ್ತಿದ ಗುರುತು ಬಂತು. ಒಬ್ಬಳೇ ಮಾತಾಡಿ ನೋಡಲು ಧೈರ್ಯವಿಲ್ಲ. ಬಾರದಿದ್ದರೆ?

ಕೆಳಗೆ ಒಗ್ಗರಣೆ ಚಟಪಟ ಅಂತಿದೆ. ಬೆಳ್ಳುಳ್ಳಿ ಎಂದಿಗಿಂತ ಹೆಚ್ಚು.

ಯಾರೋ ಕೂಗುತ್ತಿದ್ದಾರೆ. “ನೀಲಾಂಬಿಕಾ… ಏ ನೀಲಾಂಬಿಕಾ!” ಭದ್ರಮ್ಮನವರು. ಬಾಯಿಪಾಠ ಮಾಡಿದವರ ಹಾಗೆ ಒಂದೊಂದೇ ಅಕ್ಷರ ಒತ್ತಿ.

“ಬಂದೆ” ಎಂದೆ. ಒಡಕು ದನಿ. ಮೆಟ್ಟಿಲು ಇಳಿದು ಅವರಿಗೆ ಮುಟ್ಟಿತೋ ಇಲ್ಲವೋ —

“ಬರೋವಾಗ ಒಂದ್ ಪಾತ್ರೆ ತಗೊಂಡ್ ಬಾ!”

ಅವರಿಗೆ ಕೇಳಿಸಿದೆ. ಪಾತ್ರೆ ಎಲ್ಲಿ…