ಸ್ವಂತಕ್ಕೊಂದು ಒಗೆಯುವ ಕಲ್ಲು

12-2-79, ಸೋಮವಾರ. ಬೆಳಿಗ್ಗೆ 6

ಮತ್ತೆ ಜಗಳ. ಏಳು ಮನೆಗೆ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ಯೂನಿಫಾರಂ ನೆನೆಸಿದ ಬಕೆಟ್ ಹಿಡಿದು ನಿಂತಿದ್ದೆ. ಸರದಿ ನನ್ನದೇ. ಪಕ್ಕದ ಮನೆಯ ಬಸ್ಸಮ್ಮ ಬಕೆಟ್ಟನ್ನು ಕಾಲಿನಿಂದ ಸರಿಸಿದಳು.

"ದವಾಖಾನಿ ಬಟ್ಟಿ ಈ ಕಲ್ಲಮ್ಯಾಲ ಬ್ಯಾಡ. ಯಾವ ಯಾವ ರೋಗ ಹತ್ತಿರ್ತದೋ!"

"ರೋಗ ಬಂದ್ರ ಸೂಜಿ ಚುಚ್ಚಿಸ್ಕೊಳ್ಳಾಕ ನನ್ನ ಹಂತ್ಯಾಕೇ ಬರ್ತಿ," ಅಂದೆ. ಕೆಟ್ಟ ಬಾಯಿ ನನ್ನದು, ಗೊತ್ತು. ಇರಲಿ.

ನೆನೆದದ್ದನ್ನು ಹಾಗೇ ಬಿಟ್ಟು, ನಿನ್ನೆ ಉಟ್ಟಿದ್ದ ಇನ್ನೊಂದು ಯೂನಿಫಾರಂ ಸೀರೆಯನ್ನೇ ಉಟ್ಟು ಡ್ಯೂಟಿಗೆ ಹೊರಟೆ.

15-2-79, ಗುರುವಾರ

ಮೇಟ್ರನ್ ಮೆಮೊ ಕೊಟ್ಟರು. ಸೀರೆಯ ಅಂಚಿನಲ್ಲಿ ಅಯೋಡಿನ್ ಕಲೆ. ಇನ್ನೊಂದು ಸಲ ಆದರೆ ಮೊದಲಿದ್ದ ಮಾನ್ವಿಯ ದವಾಖಾನೆಗೆ ವಾಪಸ್ ಅಂತೆ.

ರಾಯಚೂರು ಬಿಡಲಾರೆ. ಅವ್ವನನ್ನು ಇಲ್ಲಿಗೆ ಕರೆಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಮಸರಕಲ್ಲಿನ ಕೇರಿಯವಳು ಅವಳು. ಬಾವಿ ಮುಟ್ಟುವಂತಿಲ್ಲ. ಯಾರಾದರೂ ಕೊಡಕ್ಕೆ ನೀರು ಸುರಿಯಲಿ ಎಂದು ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆದಳು. ಇಲ್ಲಾದರೂ ತನ್ನ ಸೀರೆ ತನ್ನ ಮನೆಯಲ್ಲಿ ಒಗೆದುಕೊಳ್ಳಲಿ. ಬೇರೇನೂ ಬೇಡ... ಒಳಗೆ ಒಂದು ಕಲ್ಲಿರುವ ಮನೆ.

25-2-79, ರವಿವಾರ

ಹನ್ನೊಂದು ಮನೆ ನೋಡಿದ್ದಾಯಿತು. ನಮ್ಮ ವಾರ್ಡಿನ ಸರ್ವರಿ ಬೇಗಂ ಜೊತೆಗೆ ಬಂದಿದ್ದಳು. ಒಂದರಲ್ಲಿ ಬಚ್ಚಲೇ ಇಲ್ಲ. ಒಂದರಲ್ಲಿದೆ, ನೀರು ಹೋಗಲು ದಾರಿಯಿಲ್ಲ. ಗಂಜ್ ಹತ್ತಿರದವನು ನನ್ನ ಹೆಸರು ಕೇಳಿದ, ಊರು ಕೇಳಿದ, ಅಪ್ಪನ ಹೆಸರು ಕೇಳಿದ, ಆಮೇಲೆ "ಮನಿ ನಮ್ಮ ಅಳಿಯಗ ಬೇಕಾಗ್ಯದರಿ" ಅಂದ. ಅಳಿಯ ಹಾಳಾಗಲಿ, ಅವನಿಗೆ ಮಗಳಾದರೂ ಇದ್ದಾಳೋ ಇಲ್ಲವೋ.

ಹನ್ನೆರಡನೆಯದು ಶರಣಯ್ಯನವರದು. ಎರಡು ಕೋಣೆ. ಹಿತ್ತಲಲ್ಲಿ ಬಾವಿ, ಅದರ ಪಕ್ಕ ಅವರ ಮನೆಯವರು ಒಗೆಯುವ ಕಲ್ಲು. ಬಸ್ಸಮ್ಮನ ಜಗಳ ಮತ್ತೆ ಬೇಡವೆಂದು ನಾನೇ ಬಾಯಿ ಬಿಟ್ಟೆ.

"ನಮಗ ಬ್ಯಾರೇ ಕಲ್ಲು ಬೇಕ್ರಿ, ನಮ್ಮ ಮನಿ ಒಳಗ. ನಿಮ್ಮ ಕಲ್ಲಿಗೆ ನಾವು ಬರಂಗಿಲ್ಲ."

ಮುದುಕರು ನನ್ನ ಮುಖ ನೋಡಿದರು. ಊರು ಕೇಳಲಿಲ್ಲ. ಜಾತಿ ಕೇಳಲಿಲ್ಲ. "ಹಾಕ್ಸಿ ಕೊಡ್ತೀನಿ ಬಿಡವ್ವಾ. ಮುಂದಿನ ವಾರ ಬರ್ರಿ."

ಹೊರಗೆ ಬಂದು ಸರ್ವರಿ ಚಿವುಟಿದಳು. "ಛಲೋ ಮನಷ್ಯಾ ಸಿಕ್ಕಾನ ಬೇ. ಬಿಡಬ್ಯಾಡ."

ನನಗೂ ಹಾಗೇ ಅನ್ನಿಸಿತು. ಖುಷಿಯಾಯಿತು, ಸುಳ್ಳೇಕೆ. ಅವ್ವನಿಗೆ ಕಾರ್ಡು ಬರೆದೆ.

4-3-79, ರವಿವಾರ

ಹೊಸ ಮನೆಗೆ ಬಂದೆ. ಬಚ್ಚಲ ಪಕ್ಕ ಹೊಸ ಕಲ್ಲು, ಸಿಮೆಂಟು ಇನ್ನೂ ಹಸಿ. ಬಾನಿ ತುಂಬ ನೀರು ಅವರೇ ತುಂಬಿಸಿಟ್ಟಿದ್ದರು. ಎಂಥ ಜನ! ಯೂನಿಫಾರಂ ಒಗೆದು, ನೀಲಿ ಹಾಕಿ, ಹಿಂಡಿ ಒಣಹಾಕಿದೆ. ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಶನಿವಾರ ಅವ್ವ ಬರುತ್ತಾಳೆ.

6-3-79, ಮಂಗಳವಾರ

ಬಾನಿ ಖಾಲಿಯಾಯಿತು. ನೀರು ಸೇದಲು ಹೋದರೆ ಶರಣಯ್ಯನವರ ಹೆಂಡತಿ ಹಗ್ಗ ಎಳೆದುಕೊಂಡರು. "ಮುಟ್ಟಬ್ಯಾಡ್ರಿ. ಕೊಡ ಅಲ್ಲೇ ಕೆಳಗಿಡ್ರಿ, ನಾವೇ ಹಾಕ್ತೀವಿ."

ಯಾಕೆ ಅಂದೆ. ಶರಣಯ್ಯ ನಗುತ್ತಲೇ ಬಂದರು.

"ನೀವಾಗೇ ಬ್ಯಾರೇ ಕಲ್ಲು ಕೇಳಿದ್ರಲ್ಲವ್ವಾ? ಅವಾಗೇ ತಿಳಕೊಂಡ್ನಿ. ಹೇಳಿಸ್ಕೊಳ್ಳದಂಗ ದೂರ ಇರೋ ಮಂದಿ, ಛಲೋ ಮಂದಿ ಅಂತ ಮನಿ ಕೊಟ್ಟೀನಿ. ಈಗ ಹಿಂಗ ಮಾಡಿದ್ರ ಹ್ಯಾಂಗ?"

ಇಷ್ಟು ಬಾಯಿ ಇರುವ ನಾನೇ ಕೊಡ ಕೆಳಗಿಟ್ಟೆ. ಅವರು ಸುರಿದರು. ಹೊತ್ತುಕೊಂಡು ಬಂದೆ.

ಜಗಳ ತಪ್ಪಲಿ ಎಂದು ಬೇರೆ ಕಲ್ಲು ಕೇಳಿದ್ದೆ. ಅವನು ನನ್ನ ಜಾತಿಯನ್ನು ನನ್ನ ಬಾಯಿಂದಲೇ ಹೊರಡಿಸಿಕೊಂಡು, ಮೇಲೆ ಒಳ್ಳೆಯವಳೆಂದು ಹೊಗಳಿದ. ಆ ನಗು ನೆನೆದರೆ ಮೈ ಉರಿಯುತ್ತದೆ. ಅವನ ಕಲ್ಲಿಗೆ ಬೆಂಕಿ ಬೀಳಲಿ.

"ನೀರಂತೂ ಸಿಗತದಲ್ಲ, ಬಿಡು," ಅಂದಳು ವಾರ್ಡಿನಲ್ಲಿ ಸರ್ವರಿ. ಅವಳ ಜೊತೆ ಮಾತು ಬಿಟ್ಟೆ.

11-3-79, ರವಿವಾರ. ಬೆಳಿಗ್ಗೆ 9

ಅವ್ವ ನಿನ್ನೆ ದೇವದುರ್ಗದ ಬಸ್ಸಿಗೆ ಬಂದಳು. ಕಲ್ಲನ್ನು ಕೈಯಿಂದ ಸವರಿದಳು. ಬಾವಿಯ ಮಾತು ನಾನು ಎತ್ತಲಿಲ್ಲ. ಹೇಗೆ ಹೇಳಲಿ?

ಇವತ್ತು ಎದ್ದು ನೋಡಿದರೆ ಕೊಡ ಬಾವಿಕಟ್ಟೆಯ ಕೆಳಗೆ, ಅವ್ವ ನಾಲ್ಕು ಹೆಜ್ಜೆ ದೂರ. ತಲೆ ಮೇಲೆ ಸೆರಗು. ಯಾರೂ ಹೇಳಿಕೊಟ್ಟಿರಲಿಲ್ಲ.

"ಎಷ್ಟೊತ್ತಾತು ನಿಂತು?"

"ಈಗ ಬರ್ತಾರ ತಗೋ. ಅವಸರ ಏನದ?"

ತಡೆಯಲಾಗಲಿಲ್ಲ. ಅವ್ವನನ್ನೇ ಬೈದೆ. ಬಾಯಿಗೆ ಬಂದಂತೆ. ತಲೆ ತಗ್ಗಿಸಿದಳು, ನಿಂತ ಜಾಗ ಬಿಡಲಿಲ್ಲ.

ಹಗ್ಗ ನಾನೇ ತೆಗೆದುಕೊಂಡೆ. ನೀರು ಸೇದಿದೆ. ಯೂನಿಫಾರಂ ತಂದು ಅವರ ಕಲ್ಲಿನ ಮೇಲೆ ಬಡಿದೆ — ಓಣಿಗೆಲ್ಲ ಕೇಳುವ ಹಾಗೆ. ಶರಣಯ್ಯನ ಹೆಂಡತಿ ಕೂಗಿದಳು. ಮುದುಕ ಬಂದ. ಓಣಿಯವರು ಬಂದರು. ಬಡಿಯುವುದು ನಿಲ್ಲಿಸಲಿಲ್ಲ.

ಈಗ ಒಳಗಿದ್ದೇವೆ. ಅಗುಳಿ ಹಾಕಿದ್ದೇನೆ. ನಮ್ಮ ಸಾಮಾನು ಹೊರಗೆ ಎಸೆಯುವ ಮಾತು ನಡೆದಿದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಮೂಲೆಯಲ್ಲಿ ಕೂತಿದ್ದ ಅವ್ವ ಎದ್ದಳು. ಗಂಟು ಬಿಚ್ಚಿ ಒಂದು ಸೀರೆ ತೆಗೆದಳು.

"ಇದೊಂದು ಒಗಕೊಂಡು ಬರ್ತೀನಿ."

"ಬಚ್ಚಲದಾಗ ನೀರಿಲ್ಲ ಯವ್ವಾ," ಅಂದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಗುಳಿ ತೆಗೆದಳು. ಅಷ್ಟು ಜನರ ನಡುವೆ, ಬಾವಿಯ ಕಡೆಗೇ... ಹಗ್ಗಕ್ಕೆ ಕೈ ಹಾಕಿದಳು — ನಾನೂ ಹೊರಟೆ