ಒಂದು ಪೆಪ್ಪರಮಿಂಟು ಮತ್ತು ನಿಮ್ಮ ನೂರೈವತ್ತು ಅಡಿ

ರಾಜ್ಯದ ಚುನಾವಣೆಗಳ ಹೊಣೆ ಹೊತ್ತು ಬಳಲಿರುವ ಮಾನ್ಯ ಅಧಿಕಾರಿಗಳೇ,

ಮೊದಲು ಅಭಿನಂದನೆ. ನಿಮ್ಮ ಹೊಸ ಮತದಾನ ಕಾಯ್ದೆ ನಮ್ಮ ಟಲ್ಲೊಕಾ ಕೌಂಟಿಯಲ್ಲಿ ತನ್ನ ಮೊದಲ ಅಪರಾಧಿಯನ್ನು ಹಿಡಿದಿದೆ. ಅಪರಾಧಿಗೆ ವಯಸ್ಸು ಎಂಬತ್ತೊಂದು. ಎತ್ತರ ಐದಡಿ, ಭಾನುವಾರದ ಟೋಪಿ ಸೇರಿದರೆ ಐದೂವರೆ. ಹೆಸರು ಆರ್ಜೀಲಿಯಾ ಮಿಮ್ಸ್, ಹಿರಿಯರೆಂಬ ಗೌರವಕ್ಕೆ ನಮ್ಮ ಚರ್ಚಿಗೆಲ್ಲ ‘ಮದರ್’. ಮತದಾನದ ಸಾಲಿನಲ್ಲಿ ಹಿಂದೆ ನಿಂತು ಕೆಮ್ಮುತ್ತಿದ್ದ ಹೆಂಗಸಿಗೆ ಇವರು ಒಂದು ಪೆಪ್ಪರಮಿಂಟು ಕೊಟ್ಟರು. ಅದಕ್ಕಾಗಿ ಅವರ ಮತ ಹೋಯಿತು. ಯಾರಿಗೂ ಬಹುಮತ ಬಾರದೆ ಬರುವ ಮಂಗಳವಾರ ನಡೆಯಲಿರುವ ಎರಡನೇ ಸುತ್ತಿನ ಮತದಾನದಲ್ಲೂ ಅದು ಹೋಗುವಂತೆ ನಿಮ್ಮ ಕಚೇರಿ ಮುತುವರ್ಜಿಯಿಂದ ಏರ್ಪಾಡು ಮಾಡಿದೆ.

ಹಿನ್ನೆಲೆ ನಿಮಗೆ ಗೊತ್ತೇ ಇದೆ, ಕರ್ತೃ ನೀವೇ ತಾನೆ? ಕೌಂಟಿಯಲ್ಲಿ ಏಳು ಮತಗಟ್ಟೆಗಳಿದ್ದವು. ‘ಮತದಾರರ ಅನುಕೂಲಕ್ಕಾಗಿ’ ಆರನ್ನು ಮುಚ್ಚಿದಿರಿ. ಆಮೇಲೆ ಚುನಾವಣೆಯ ದಿನಕ್ಕೆ ಮುಂಚಿನ ಭಾನುವಾರಗಳಲ್ಲಿದ್ದ ಮುಂಚಿತ ಮತದಾನ ರದ್ದು ಮಾಡಿದಿರಿ. ಪ್ರಾರ್ಥನೆ ಮುಗಿಸಿ, ಚರ್ಚಿನ ಬಸ್ಸು ಹತ್ತಿ, ಹಾಡಿಕೊಂಡು ಹೋಗಿ ಮತ ಹಾಕುವ ಅಭ್ಯಾಸ ನಮ್ಮ ಕರಿಯರನ್ನು ಬಿಟ್ಟರೆ ಈ ಕೌಂಟಿಯಲ್ಲಿ ಯಾರಿಗೂ ಇರಲಿಲ್ಲ ಎಂಬುದು ಬರೀ ಕಾಕತಾಳೀಯ ಎಂದು ನಂಬಿದ್ದೇವೆ. ನಮ್ಮಷ್ಟು ನಂಬಿಕೆಯ ಜನ ನಿಮಗೆ ಬೇರೆಲ್ಲಿ ಸಿಗಬೇಕು? ಉಳಿದ ಒಂದೇ ಮತಗಟ್ಟೆಯ ಮುಂದೆ ನಾಲ್ಕೂವರೆ ಗಂಟೆಯ ಸಾಲು ಬೆಳೆಯಿತು. ಅಮೆರಿಕದ ಈ ದಕ್ಷಿಣ ಮೂಲೆಯ ಮೇ ತಿಂಗಳ ಬಿಸಿಲಿನಲ್ಲಿ ಜನ ಬಾಡುವುದನ್ನು ಕಂಡು ನಿಮ್ಮ ಮನ ಕರಗಿತು; ಕೂಡಲೇ ಕಾಯ್ದೆ ಬಂತು: ಮತಗಟ್ಟೆಯಿಂದ ನೂರೈವತ್ತು ಅಡಿಯೊಳಗೆ ಯಾರೂ ಯಾರಿಗೂ ತಿನ್ನಲು ಕುಡಿಯಲು ಕೊಡಕೂಡದು. ಒಂದು ಲೋಟ ನೀರಿಗೆ ಸೋತುಹೋಗುವ ಅಭ್ಯರ್ಥಿಗಳನ್ನು ಎಲ್ಲಿಂದ ಹುಡುಕಿ ತರುತ್ತೀರಿ, ಸ್ವಾಮಿ?

ನಾವೂ ಸುಮ್ಮನೆ ಕೂರಲಿಲ್ಲ. ಚರ್ಚಿಗೆ ಬಂದವರನ್ನು ಬಿಳಿ ಕೈಗವಸು ತೊಟ್ಟು ಬೆಂಚಿಗೆ ಕರೆದೊಯ್ಯುವ ಸ್ವಯಂಸೇವಕರ ಮುಖ್ಯಸ್ಥ ನಾನು. ಮನೆಮನೆಗೆ ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿದೆವು. ಪ್ರತಿ ಬುಧವಾರ ಬೈಬಲ್ ಪಾಠದ ನಂತರ ನಿಮ್ಮ ಕಾಯ್ದೆಯ ಪಾಠ ಇಟ್ಟೆವು. ಹಗ್ಗ ಹಿಡಿದು ನೂರೈವತ್ತು ಅಡಿ ಅಳೆದೆವು. ಒಂದು ಬುಧವಾರ ಸಿಸ್ಟರ್ ವರ್ಡೆಲ್ (ಚರ್ಚಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಸಿಸ್ಟರ್, ಬ್ರದರ್) ಕೈ ಎತ್ತಿದರು.

“ಬ್ರದರ್, ನೀರಿನ ಬಾಟ್ಲಿ ತರಬೋದಾ?”

“ನಿಮಗೆ ಅಂತ ತರಬೋದು. ಪಕ್ಕದವರಿಗೆ ಕೊಡಂಗಿಲ್ಲ.”

“ಪಕ್ಕದಲ್ಲಿ ಇರೋನು ನನ್ನ ಗಂಡ ಆದ್ರೆ?”

“ಆಗ್ಲೂ ಕೊಡಂಗಿಲ್ಲ.”

“ಅಯ್ಯೋ, ಈ ಕಾಯ್ದೆ ನಲವತ್ತು ವರ್ಷ ಮುಂಚೆನೇ ಬರಬಾರದಿತ್ತಾ!”

ನೀರು, ಬಿಸ್ಕತ್ತು, ಕರಿದ ಕೋಳಿ, ಕೇಕು, ಎಲ್ಲವನ್ನೂ ನಿಷೇಧದ ಪಟ್ಟಿಗೆ ಬರೆಸಿದೆ. ಪೆಪ್ಪರಮಿಂಟನ್ನು ಬರೆಸಲಿಲ್ಲ. ತಪ್ಪು ನನ್ನದೇ. ನಮ್ಮಲ್ಲಿ ಅದನ್ನು ತಿಂಡಿ ಎಂದು ಯಾರೂ ಲೆಕ್ಕಕ್ಕಿಟ್ಟಿಲ್ಲ. ಬೋಧನೆಯ ನಡುವೆ ಯಾರಾದರೂ ಕೆಮ್ಮಿದರೆ ಸಾಕು, ಹಿರಿಯ ಮದರ್‌ಗಳ ಕೈ ತಾನಾಗಿ ಚೀಲದೊಳಗೆ ಇಳಿಯುತ್ತದೆ. ಕಣ್ಣು ಪಾದ್ರಿಯ ಮೇಲೇ ಇರುತ್ತದೆ, ಪೆಪ್ಪರಮಿಂಟು ಮಾತ್ರ ಕೈಯಿಂದ ಕೈಗೆ ದಾಟಿ ಕೆಮ್ಮಿನ ಬಾಯಿ ಸೇರುತ್ತದೆ. ಅದು ಪ್ರಾರ್ಥನೆಯದೇ ಒಂದು ಭಾಗ. ಮದರ್ ಮಿಮ್ಸ್ ಆ ದಿನ ಮಾಡಿದ್ದೂ ಅಷ್ಟೇ. ಕೆಮ್ಮು ಕೇಳಿಸಿತು, ಕೈ ಹೋಯಿತು.

ಆ ಕೈಯನ್ನು ಕಂಡವನು ಅಳತೆಪಟ್ಟಿ ಹಿಡಿದು ತಿರುಗುತ್ತಿದ್ದ ನಿಮ್ಮ ನಿಗಾ ಅಧಿಕಾರಿ.

“ಅಮ್ಮಾ, ನೀವು ಮತದಾರರಿಗೆ ಆಹಾರ ಹಂಚಿದ್ದೀರಿ.”

“ಆಹಾರನಾ? ಮೂವತ್ತೊಂದು ವರ್ಷ ಸ್ಕೂಲ್ ಅಡುಗೆಮನೇಲಿ ಬೇಯಿಸಿದೀನಿ. ಆಹಾರ ಅಂದ್ರೇನು ಅಂತ ನಂಗೇ ಹೇಳ್ಕೊಡ್ತೀಯೇನಪ್ಪಾ?”

“ಕಾಯ್ದೆ ಪ್ರಕಾರ ಹೇಳಿಕೆ ಬರ್ಕೋಬೇಕು. ಈ ಕಡೆ ಬನ್ನಿ.”

“ಅವಳಿಗೆ ಕೆಮ್ಮು ನಿಲ್ತಾ, ಇಲ್ವಾ? ಅದನ್ನೂ ಬರ್ಕೋ.”

ಗೋಡೆ ಪಕ್ಕ ಕುರ್ಚಿ ಹಾಕಿ ಐವತ್ತು ನಿಮಿಷ ಬರೆದುಕೊಂಡ. ಅಷ್ಟರಲ್ಲಿ ಏಳು ಗಂಟೆಯಾಗಿ ಬಾಗಿಲು ಹಾಕಿದರು. ಏಳಕ್ಕೆ ಸಾಲಿನಲ್ಲಿ ಇದ್ದವರಿಗೆಲ್ಲ ಮತದಾನಕ್ಕೆ ಅವಕಾಶವುಂಟು. ಮದರ್ ಸಾಲಿನಲ್ಲಿ ಇರಲಿಲ್ಲ, ಕುರ್ಚಿಯಲ್ಲಿ ಇದ್ದರು. ಎಂಥ ನಿಖರತೆ!

ಮದರ್ ಇಂಥದ್ದನ್ನು ಹಿಂದೆಯೂ ಕಂಡವರೇ. ಇಪ್ಪತ್ತೊಂದರ ಹರೆಯದಲ್ಲಿ ಹೆಸರು ನೋಂದಾಯಿಸಲು ಹೋದಾಗಲೆಲ್ಲ ಗುಮಾಸ್ತರು ಊಟಕ್ಕೆ ಹೋಗಿರುತ್ತಿದ್ದರು. ಆ ಊಟ ಎರಡು ವರ್ಷ ನಡೆಯಿತು. ಗುಮಾಸ್ತರು ಕೈ ತೊಳೆದು ಬಂದು ಹೆಸರು ಬರೆದುಕೊಂಡ ದಿನದಿಂದ ಮೊನ್ನೆಯವರೆಗೆ ಮದರ್ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ. ಆ ಗುಮಾಸ್ತರಿಗೆ ಬರೀ ಹಸಿವಿತ್ತು. ನಿಮಗೆ ವಿಧಾನಸಭೆಯೇ ಇದೆ.

ಈಗ ನಿಮ್ಮ ನೋಟಿಸು ಬಂದಿದೆ. ವಿಚಾರಣೆ ರಾಜಧಾನಿಯಲ್ಲಿ, ನೂರಮೂವತ್ತು ಮೈಲಿ ಆಚೆ, ಸರಿಯಾಗಿ ಎರಡನೇ ಸುತ್ತಿನ ಮಂಗಳವಾರ, ಬೆಳಗಿನಿಂದ ಸಂಜೆಯವರೆಗೆ. ಮುಂಚಿತ ಮತದಾನ ಮುಗಿದಿದೆ. ಅಂಚೆ ಮತದ ಅರ್ಜಿಯ ಕೊನೆಯ ದಿನ ನೋಟಿಸು ತಲುಪುವ ಹಿಂದಿನ ದಿನವೇ ತೀರಿತ್ತು. ಹಾಜರಾಗದಿದ್ದರೆ ಪೊಲೀಸರ ಮೂಲಕ ಕರೆಸಲಾಗುವುದಂತೆ. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಈ ಒಂದೇ ದಿನ ನಿಮಗೆ ಬಿಡುವಾಯಿತೇ?

ನಮ್ಮ ಒತ್ತಾಯ ಇಷ್ಟೇ: ಮೊಕದ್ದಮೆ ಕೈಬಿಡಿ. ಅಷ್ಟು ದೊಡ್ಡ ಮನಸ್ಸು ಬಾರದಿದ್ದರೆ ವಿಚಾರಣೆಯನ್ನು ಬುಧವಾರಕ್ಕೆ ಹಾಕಿ. ಬಸ್ಸು ಮಾಡಿಕೊಂಡು ಇಡೀ ಚರ್ಚೇ ಬರುತ್ತೇವೆ. ಎರಡೂ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ನಿನ್ನೆ ಮದರ್ ಬಾಯಿಂದಲೇ ಕೇಳಿದೆ.

“ಮದರ್, ಮಂಗಳವಾರ ಅಲ್ಲಿಗೆ ಹೋಗ್ದೆ ಇದ್ರೆ ಹಿಡ್ಕೊಂಡು ಹೋಗೋಕೆ ಪೊಲೀಸ್ನೋರು ಬರ್ತಾರೆ.”

“ಬರ್ಲಿ ಮಗಾ, ನಾನು ಸಾಲಲ್ಲೇ ಇರ್ತೀನಿ. ಆದ್ರೆ ಅವರೂ ಹಿಂದೆ ನಿಂತ್ಕೊಂಡೇ ಬರ್ಲಿ. ಮಧ್ಯ ನುಗ್ಗೋರನ್ನ ಕಂಡ್ರೆ ನಂಗಾಗಲ್ಲ.”

ಆದ್ದರಿಂದ ಮಾನ್ಯರೇ, ಪೊಲೀಸರನ್ನು ಕಳಿಸುವುದಾದರೆ ಬೆಳಗ್ಗೆ ಬೇಗ ಕಳಿಸಿ. ನೀವು ಮಾಡಿಟ್ಟ ಸಾಲು ಬಹಳ ಉದ್ದವಿದೆ.

ಇಂತಿ,
ನಿಮ್ಮ ಕಾಯ್ದೆಗೆ ಮೇಷ್ಟರಾಗಿ ಮೊದಲ ಪರೀಕ್ಷೆಯಲ್ಲೇ ಫೇಲಾದ,
ಈ ಪತ್ರ ಅಚ್ಚಾಗುವ ಹೊತ್ತಿಗೂ ಮತದಾರರ ಪಟ್ಟಿಯಲ್ಲಿ ತನ್ನ ಹೆಸರಿರುತ್ತದೆ ಎಂದು ನಂಬಿರುವ,
ಲೆಮ್ಯುಯೆಲ್ ಗ್ಯಾದರ್ಸ್